ಆರು ಇಂಚಿನ ಓರೆ

ಕುಕನೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮ ಅಜ್ಜಿಯ ಮನೆ ಇದೆ. ಮಣ್ಣಿನ ಮಾಳಿಗೆ, ಎರಡು ಅಡಿ ದಪ್ಪದ ಗೋಡೆ, ಬೇವಿನ ಕಂಬ. ಹಿಂದಿನ ಗೋಡೆ ಪ್ರತಿ ಮಳೆಗಾಲಕ್ಕೂ ಸ್ವಲ್ಪ ಸ್ವಲ್ಪ ಕರಗುತ್ತಿದೆ. ಮಾಮಾ ಅದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟುವ ಮಾತಾಡುತ್ತಿದ್ದಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ವರ್ಷ ವರ್ಷ ಮಾಳಿಗೆ ಹತ್ತಿ ಮಣ್ಣು ಹಾಕುವವರು ಈಗ ಸಿಗುವುದೇ ಕಷ್ಟ. ಆದರೆ ಕೆಡವುವ ಮೊದಲು ಆ ಮನೆಯನ್ನು ಒಮ್ಮೆ ಕಾಗದಕ್ಕೆ ಇಳಿಸಬೇಕು ಅಂತ ನನಗೆ ಅನ್ನಿಸಿತು.

ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಕೊಪ್ಪಳದಲ್ಲಿ ಮನೆಗಳ ಪ್ಲಾನ್ ಬರೆಯುವುದೇ ನನ್ನ ಉದ್ಯೋಗ. ಏಳು ವರ್ಷ ಆಯಿತು. ಟೇಪ್ ಹಿಡಿದು ಪಡಸಾಲೆಯ ನಾಲ್ಕೂ ಗೋಡೆ ಅಳೆದೆ. ಮುಂದಿನ ಗೋಡೆ 18 ಅಡಿ 4 ಇಂಚು. ಹಿಂದಿನದು 17 ಅಡಿ 9 ಇಂಚು. ಪಕ್ಕದವು 9 ಅಡಿ 2 ಇಂಚು ಮತ್ತು 9 ಅಡಿ 5 ಇಂಚು. ಅಲ್ಲೇ ಕಟ್ಟೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದೆ. ಪ್ಲಾನ್ ಬರೆಯುವ ಪ್ರೋಗ್ರಾಂ ಆಟೋಕ್ಯಾಡ್‌ನಲ್ಲಿ ಒಂದೊಂದೇ ಗೆರೆ ಎಳೆದೆ. ನಾಲ್ಕನೇ ಗೆರೆ ಬಂದು ಮೊದಲನೆಯದಕ್ಕೆ ಕೂಡಲೇ ಇಲ್ಲ. ಏಳು ಇಂಚು ಆಚೆ ನಿಂತಿತು.

ಹಳೆ ಮನೆ, ಗೋಡೆ ಉಬ್ಬು ತಗ್ಗು, ಇಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ ಅಂದುಕೊಂಡೆ. ಎರಡೂ ಕಡೆ ಸರಾಸರಿ ತೆಗೆದು ಗೆರೆ ಕೂಡಿಸಿದೆ. ಚಿತ್ರ ಚೊಕ್ಕವಾಗಿ ಕಂಡಿತು. ಆಮೇಲೆ ಅಡುಗೆಮನೆ, ದೇವರ ಮನೆ, ಬಚ್ಚಲು ಅಂತ ಜೋಡಿಸುತ್ತಾ ಹೋದೆ. ಸಂಜೆ ಹೊತ್ತಿಗೆ ನೋಡಿದರೆ ಅಡುಗೆಮನೆಯ ಮೂಲೆ ಪಕ್ಕದ ಮನೆಯವರ ಗೋಡೆಯ ಒಳಗೆ ಹೋಗಿ ಕೂತಿತ್ತು.

ಅವತ್ತು ರಾತ್ರಿ ಕೊಪ್ಪಳಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಯೋಚಿಸಿದ್ದು ಆ ಮನೆಯ ಬಗ್ಗೆ ಅಲ್ಲ, ನಾನು ಗೆರೆ ಎಳೆಯಲು ಕಲಿತ ರೀತಿಯ ಬಗ್ಗೆ.

ಡಿಪ್ಲೊಮಾ ಓದುವಾಗ ನಮ್ಮ ಕೈಯಲ್ಲಿ ಗೆರೆ ಎಳೆಯುವ ಸಾಧನ ಡ್ರಾಫ್ಟರ್, ಹೆಗಲಿಗೆ ಶೀಟಿನ ಉದ್ದ ಡಬ್ಬಿ. ಬಸ್ಸಿನಲ್ಲಿ ಅದನ್ನು ಕಂಡವರು ಸ್ವಲ್ಪ ಸರಿದು ಜಾಗ ಕೊಡುತ್ತಿದ್ದರು. ಬೋರ್ಡಿನ ಮೂಲೆಗೆ ಡ್ರಾಫ್ಟರ್ ಬಿಗಿದು ಮೊದಲ ಕೆಲವು ವಾರ ಬರೀ ಗೆರೆ. ಅಡ್ಡ ಗೆರೆ, ನಿಂತ ಗೆರೆ, ಓರೆ ಗೆರೆ. 2ಎಚ್ ಪೆನ್ಸಿಲ್‌ನಲ್ಲಿ ತೆಳುವಾಗಿ, ಎಚ್‌ಬಿಯಲ್ಲಿ ಗಾಢವಾಗಿ. ಏಪ್ರಿಲ್ ಬಂತೆಂದರೆ ಅಂಗೈ ಬೆವರಿ ಶೀಟಿನ ತುಂಬ ಮಸಿ. ಅಂಗೈ ಕೆಳಗೆ ಇನ್ನೊಂದು ಹಾಳೆ ಇಟ್ಟುಕೊಂಡು ಬರೆಯುವುದನ್ನು ಆಗ ಕಲಿತೆವು. ಫ್ಯಾನ್ ಹಾಕಿದರೆ ಶೀಟ್ ಹಾರುತ್ತದೆ, ಹಾಕದಿದ್ದರೆ ಬೆವರು ತೊಟ್ಟಿಕ್ಕುತ್ತದೆ.

ನಿಜವಾದ ಪಾಠ ಸಿಕ್ಕಿದ್ದು ಕೆಲಸಕ್ಕೆ ಸೇರಿದ ಮೇಲೆ. ಆ ಆಫೀಸಿನಲ್ಲಿ ಒಬ್ಬರು ಹಿರಿಯ ಡ್ರಾಫ್ಟ್ಸ್‌ಮನ್ ಇದ್ದರು. ಕಂಪ್ಯೂಟರ್ ಬರುವ ಮೊದಲಿನವರು. ಗೆರೆ ಎಳೆಯುತ್ತಾ ಪೆನ್ಸಿಲನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಬೇಕು ಅಂತ ತೋರಿಸಿಕೊಟ್ಟವರು ಅವರೇ. ಹಾಗೆ ಮಾಡಿದರೆ ಮೊನೆ ಒಂದೇ ಕಡೆ ಸವೆಯುವುದಿಲ್ಲ. ಗೆರೆ ಮೊದಲಿನಿಂದ ಕೊನೆವರೆಗೆ ಒಂದೇ ದಪ್ಪ ಇರುತ್ತದೆ. ಎರಡು ಗೆರೆ ಸೇರುವ ಮೂಲೆಯಲ್ಲಿ ಒಂದನ್ನೊಂದು ಕೂದಲೆಳೆಯಷ್ಟು ದಾಟಬೇಕು. ಆಗ ಮೂಲೆ ಗಟ್ಟಿಯಾಗಿ ಕಾಣುತ್ತದೆ. ಟ್ರೇಸಿಂಗ್ ಪೇಪರಿನ ಮೇಲೆ ಇಂಕ್ ತಪ್ಪಿದರೆ ಅರ್ಧ ಬ್ಲೇಡಿನಿಂದ ಹಗುರಾಗಿ ಕೆರೆದು ತೆಗೆಯುತ್ತಿದ್ದರು. ಅವರ ಹಳೆಯ ಹಾಳೆಗಳನ್ನು ಕಿಟಕಿಗೆ ಹಿಡಿದು ನೋಡಿದ್ದೇನೆ. ಎಲ್ಲೆಲ್ಲಿ ಮನಸ್ಸು ಬದಲಾಗಿತ್ತೋ ಅಲ್ಲೆಲ್ಲ ಕಾಗದ ತೆಳುವಾಗಿದೆ.

ಒಂದು ದಿನ ನನ್ನ ಪೆನ್ಸಿಲ್ ಡ್ರಾಯಿಂಗ್ ನೋಡಿ ಕೇಳಿದರು. "ನಿನ್ನ ಗೆರಿ ಎಷ್ಟು ಇಂಚು ದಪ್ಪ ಐತಿ?"

ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ಅವರೇ ಲೆಕ್ಕ ಹಾಕಿ ತೋರಿಸಿದರು. ಸ್ಕೇಲ್ 1:100. ಅಂದರೆ ಕಾಗದದ ಮೇಲಿನ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 100 ಮಿಲಿಮೀಟರ್. ನನ್ನ ಪೆನ್ಸಿಲ್ ಗೆರೆ ಅರ್ಧ ಮಿಲಿಮೀಟರ್ ದಪ್ಪ. ಹಾಗಾದರೆ ಅದು ನೆಲದ ಮೇಲೆ 50 ಮಿಲಿಮೀಟರ್. ಎರಡು ಇಂಚು! ನಾಲ್ಕೂವರೆ ಇಂಚಿನ ಗೋಡೆಯನ್ನು ಎರಡು ಗೆರೆಯಲ್ಲಿ ತೋರಿಸಿದರೆ ಆ ಗೆರೆಗಳೇ ಹೆಚ್ಚುಕಡಿಮೆ ಗೋಡೆಯಷ್ಟು ಜಾಗ ತಿಂದುಬಿಡುತ್ತವೆ. 12 ಮಿಲಿಮೀಟರ್ ಗಿಲಾವನ್ನು ಈ ಸ್ಕೇಲಿನಲ್ಲಿ ತೋರಿಸುವ ಮಾತೇ ಇಲ್ಲ. ಅದಕ್ಕೆ ಬೇಕಾದಷ್ಟು ಸಣ್ಣ ಗೆರೆ ಯಾರ ಕೈಯಲ್ಲೂ ಬರುವುದಿಲ್ಲ.

ಆ ಲೆಕ್ಕ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಕೈಯಲ್ಲಿ ಬರೆಯುವವರು ಗೆರೆ ಎಳೆಯುವ ಮೊದಲೇ ಏನು ಬಿಡಬೇಕು ಅಂತ ತೀರ್ಮಾನ ಮಾಡಿರಬೇಕು. ಪೆನ್ಸಿಲ್ ಬೇರೆ ದಾರಿ ಕೊಡುವುದಿಲ್ಲ.

ಕಾಗದದ ಅಳತೆಯಲ್ಲೇ ಒಂದು ಚೆಂದದ ಲೆಕ್ಕ ಅಡಗಿದೆ. ಎ1 ಶೀಟ್ 594 ಮಿಲಿಮೀಟರ್ ಅಗಲ, 841 ಮಿಲಿಮೀಟರ್ ಉದ್ದ. ನಡುವೆ ಮಡಚಿದರೆ ಎ2. ಆಕಾರ ಮಾತ್ರ ಬದಲಾಗುವುದಿಲ್ಲ, ಅದೇ ಪ್ರಮಾಣ. ಇಂಕ್ ಪೆನ್ನುಗಳೂ ಅದೇ ಲೆಕ್ಕದಲ್ಲಿ ಏರುತ್ತವೆ. 0.25, 0.35, 0.5, 0.7 ಮಿಲಿಮೀಟರ್. ಎ1 ಚಿತ್ರವನ್ನು ಎ2ಗೆ ಇಳಿಸಿ ಪ್ರಿಂಟ್ ಹಾಕಿದರೆ 0.7ರ ಗೆರೆ ಸರಿಯಾಗಿ 0.5 ಆಗುತ್ತದೆ. ಚಿಕ್ಕ ಹಾಳೆಯ ಮೇಲೆ ಮತ್ತೆ ಅದೇ ಪೆನ್ನಿನಿಂದ ತಿದ್ದಬಹುದು. ಇದನ್ನು ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಆ ಪೆನ್ನುಗಳನ್ನು ನಾನು ಇನ್ನೂ ಪ್ರೀತಿಯಿಂದ ಹಿಡಿಯುತ್ತಿದ್ದೆ.

ಆಟೋಕ್ಯಾಡ್ ಕಲಿಯುವಾಗ ನನಗೆ ಆದ ಖುಷಿಯನ್ನು ಮುಚ್ಚಿಡಲಾರೆ. ಆಫ್‌ಸೆಟ್ ಅಂತ ಕೊಟ್ಟು 9 ಇಂಚು ಅಂದರೆ ಗೋಡೆಯ ಇನ್ನೊಂದು ಗೆರೆ ತಾನೇ ಬಂತು. ಮಿರರ್ ಅಂದರೆ ಅರ್ಧ ಮನೆ ಇಡೀ ಮನೆಯಾಯಿತು. ಅದರೊಳಗೆ ಸ್ಕೇಲಿನ ಗೊಡವೆಯೇ ಇಲ್ಲ. 30 ಅಡಿಯ ಗೋಡೆಯನ್ನು 30 ಅಡಿ ಅಂತಲೇ ಬರೆಯುತ್ತೇವೆ. ಸ್ಕೇಲ್ ಬರುವುದು ಪ್ರಿಂಟ್ ಹಾಕುವಾಗ. ಎಷ್ಟು ಬೇಕಾದರೂ ಹತ್ತಿರ ಹೋಗಬಹುದು. ಹೋದೆ ನಾನು. ಒಂದು 30-40 ಸೈಟಿನ ಮನೆಗೆ ಬಾಗಿಲಿನ ಹಿಡಿಕೆ, ನಲ್ಲಿ, ಗ್ಯಾಸ್ ಒಲೆಯ ಬರ್ನರ್, ನೆಲದ ಒಂದೊಂದು ಟೈಲ್ಸು ಎಲ್ಲ ಬರೆದೆ. ಮೂರು ದಿನ ಕೂತು ಬರೆದೆ. 1:100ರಲ್ಲಿ ಪ್ರಿಂಟ್ ಬಂದಾಗ ಅಡುಗೆಮನೆ, ಬಚ್ಚಲು ಇದ್ದ ಜಾಗದಲ್ಲಿ ಕಪ್ಪು ಮಚ್ಚೆ. ಗೋಡೆ ಯಾವುದು, ಟೈಲ್ಸ್ ಯಾವುದು ಗೊತ್ತಾಗುತ್ತಿರಲಿಲ್ಲ. ಹಿರಿಯರು ಬೈಯಲಿಲ್ಲ. "ಗೆರಿ ಎಷ್ಟು ಇಂಚು?" ಅಂತ ಮತ್ತೆ ಅದೇ ಕೇಳಿದರು.

ಅದಕ್ಕಿಂತ ದೊಡ್ಡ ತಪ್ಪು ಮೆಟ್ಟಿಲಿನದು. ಇನ್ನೊಂದು ಮನೆಯ ಫೈಲಿನಿಂದ ಮೆಟ್ಟಿಲಿನ ಬ್ಲಾಕ್, ಅಂದರೆ ಮೊದಲೇ ಬರೆದಿಟ್ಟ ಚಿತ್ರ, ಎತ್ತಿ ಹೊಸ ಮನೆಗೆ ಅಂಟಿಸಿದೆ. ಜಾಗಕ್ಕೆ ಸರಿಯಾಗಿ ಕೂತಿತು. ಸೈಟಿನಲ್ಲಿ ಸೆಂಟ್ರಿಂಗ್ ಕಟ್ಟುವ ಮೊದಲು ಗೌಂಡಿ ಕಾಕಾ ಫೋನ್ ಮಾಡಿದರು. "ಯವ್ವಾ ತಂಗಿ, ಈ ಪಾವಟಿಗಿ ಮ್ಯಾಲ ಮುಟ್ಟಂಗಿಲ್ಲ ನೋಡು." ಓಡಿದೆ. ಆ ಬ್ಲಾಕಿನಲ್ಲಿ ಇದ್ದದ್ದು 7 ಇಂಚಿನ 15 ಮೆಟ್ಟಿಲು. ಒಟ್ಟು 105 ಇಂಚು. ಈ ಮನೆಯ ಎತ್ತರ 10 ಅಡಿ, ಅಂದರೆ 120 ಇಂಚು. ಹದಿನೈದು ಇಂಚು ಕಡಿಮೆ. ಕೊನೆಗೆ 18 ಮೆಟ್ಟಿಲು ಮಾಡಿದೆವು. ಅದಕ್ಕೆ ಬೇಕಾದ ಹತ್ತು ಇಂಚು ಜಾಗವನ್ನು ಅಡುಗೆಮನೆಯಿಂದ ಕಿತ್ತುಕೊಂಡೆವು. ಆ ಮನೆಯ ಅಡುಗೆಮನೆಯಲ್ಲಿ ನಿಲ್ಲುವ ಹೆಣ್ಣುಮಗಳನ್ನು ನೆನೆದರೆ ನನಗೆ ಈಗಲೂ ಕಸಿವಿಸಿ.

ಕೈಯಲ್ಲಿ ಬರೆದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ ಅಂತ ನನಗೆ ನಂಬಿಕೆ. ಕೈಯಲ್ಲಿ ಮೆಟ್ಟಿಲು ಬರೆಯಬೇಕಾದರೆ ಎತ್ತರವನ್ನು ಭಾಗಿಸಲೇಬೇಕು. ಒಂದೊಂದೇ ಮೆಟ್ಟಿಲು ಎಳೆಯುವಾಗ ಮನಸ್ಸು ಅದನ್ನು ಹತ್ತುತ್ತಾ ಹೋಗುತ್ತದೆ. ಹದಿನೈದಕ್ಕೆ ಮುಗಿದರೆ ತಲೆ ಮೇಲಿನ ಸ್ಲ್ಯಾಬ್ ಇನ್ನೂ ಸಿಕ್ಕಿಲ್ಲ ಅಂತ ಕೈಗೇ ತಿಳಿಯುತ್ತದೆ.

ಕಂಪ್ಯೂಟರಿನಲ್ಲಿ ಗೆರೆ ಎಳೆಯುವ ಕೆಲಸ ಹೊಸದೇನಲ್ಲ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ತಮ್ಮ ಪಿಎಚ್‌ಡಿಗಾಗಿ ಸ್ಕೆಚ್‌ಪ್ಯಾಡ್ ಅನ್ನುವ ಪ್ರೋಗ್ರಾಂ ಮಾಡಿದರು. ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಒರಟಾಗಿ ಗೆರೆ ಎಳೆದು, ಇವೆರಡೂ ಸಮಾನಾಂತರ ಇರಲಿ, ಇದು ಅದಕ್ಕೆ ಲಂಬ ಇರಲಿ ಅಂತ ಹೇಳಿದರೆ ಯಂತ್ರ ತಾನೇ ನೇರ ಮಾಡಿಕೊಡುತ್ತಿತ್ತು. ಆಟೋಕ್ಯಾಡ್ ಬಂದಿದ್ದು 1982ರಲ್ಲಿ. ಓರೆ ಗೆರೆಯನ್ನು ನೇರ ಮಾಡಿಕೊಡುವ ಆಸೆ ಈ ಯಂತ್ರಕ್ಕೆ ಹುಟ್ಟಿನಿಂದಲೇ ಬಂದಿದೆ. ನಾವು ಎಫ್8 ಒತ್ತಿ ಆರ್ಥೋ ಹಾಕಿಕೊಂಡರೆ ಗೆರೆ ಅಡ್ಡ ಇಲ್ಲವೇ ಉದ್ದ, ಎರಡೇ ದಿಕ್ಕಿಗೆ ಹೋಗುತ್ತದೆ. ಹೊಸ ಮನೆ ಬರೆಯುವಾಗ ಅದು ವರ. ಅಜ್ಜಿಯ ಮನೆ ಬರೆಯುವಾಗ ನಾನು ಅದನ್ನು ಆಫ್ ಮಾಡಲೇ ಇಲ್ಲ. ಏಳು ವರ್ಷದಿಂದ ಅದು ಹಾಕಿದ್ದು ಹಾಕಿದ ಹಾಗೇ ಇದೆ. ಅದು ಇದೆ ಅನ್ನುವುದೇ ನನಗೆ ಮರೆತುಹೋಗಿತ್ತು.

ಮುಂದಿನ ಭಾನುವಾರ ಲ್ಯಾಪ್‌ಟಾಪ್ ಬಿಟ್ಟು ಹೋದೆ. ಟೇಪ್, ಬೋರ್ಡು, ಕೈವಾರ, ಎರಡು ಪೆನ್ಸಿಲ್. ಈ ಸಲ ಗೋಡೆಗಳ ಜೊತೆ ಕರ್ಣಗಳನ್ನೂ ಅಳೆದೆ. ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿಯಲು ಅಜ್ಜಿಯೇ ನಿಂತರು. ಒಂದು ಕರ್ಣ 20 ಅಡಿ 9 ಇಂಚು. ಇನ್ನೊಂದು 19 ಅಡಿ 10 ಇಂಚು. ಕೋಣೆ ಆಯತವಾಗಿದ್ದರೆ ಎರಡೂ ಒಂದೇ ಬರಬೇಕು. ಇಲ್ಲಿ ಹನ್ನೊಂದು ಇಂಚಿನ ವ್ಯತ್ಯಾಸ!

ಸ್ಕೇಲ್ 1:50 ಇಟ್ಟುಕೊಂಡೆ. ಒಂದು ಅಡಿ ಅಂದರೆ ಕಾಗದದ ಮೇಲೆ ಸುಮಾರು 6 ಮಿಲಿಮೀಟರ್. ಮುಂದಿನ ಗೋಡೆಯ ಗೆರೆ ಎಳೆದು, ಒಂದು ತುದಿಯಿಂದ ಪಕ್ಕದ ಗೋಡೆಯಷ್ಟು, ಇನ್ನೊಂದು ತುದಿಯಿಂದ ಕರ್ಣದಷ್ಟು ಕೈವಾರ ತಿರುಗಿಸಿದೆ. ಎರಡು ಕಮಾನು ಕತ್ತರಿಸಿದ ಕಡೆ ಮೂಲೆ ಸಿಕ್ಕಿತು. ಇನ್ನೊಂದು ಮೂಲೆಯೂ ಹಾಗೇ. ಕೊನೆಗೆ ಹಿಂದಿನ ಗೋಡೆಯ ಅಳತೆ ಹಿಡಿದು ನೋಡಿದೆ. ಕೂಡಿತು. ಕೋಣೆ ನಿಜವಾಗಿಯೂ ಓರೆ ಇತ್ತು. ಒಂಬತ್ತು ಅಡಿ ಒಳಗೆ ಹೋಗುವಷ್ಟರಲ್ಲಿ ಎರಡು ಪಕ್ಕದ ಗೋಡೆಗಳೂ ಒಂದೇ ದಿಕ್ಕಿಗೆ, ಸರಾಸರಿ ಸುಮಾರು ಆರು ಇಂಚು ಸರಿದಿದ್ದವು. ಆ ಕೋಣೆಯಲ್ಲಿ ಆಡಿ ಬೆಳೆದ ನನ್ನ ಕಣ್ಣಿಗೆ ಅದು ಒಂದು ದಿನವೂ ಬಿದ್ದಿರಲಿಲ್ಲ.

ಯಾಕೆ ಹೀಗೆ ಅಂತ ಅಜ್ಜಿಯನ್ನು ಕೇಳಿದೆ.

"ಆ ಕಡೀ ಗ್ವಾಡಿ ನಮ್ದಲ್ಲವ್ವಾ. ಅವರದು ಮೊದಲಿಂದಾನೂ ಇತ್ತು. ನಿಮ್ಮಜ್ಜ ಅದಕ್ಕ ಆನಿಸಿ ಕಟ್ಯಾರ. ಮುಂದಿಂದು ಓಣಿ ಹೆಂಗ ಹೋಗೇತಿ ಹಂಗ ಹೋಗೇತಿ."

ಅಷ್ಟೇ ವಿಷಯ. ಓಣಿ ಒಂದು ದಿಕ್ಕಿಗೆ, ಪಕ್ಕದವರ ಗೋಡೆ ಇನ್ನೊಂದು ದಿಕ್ಕಿಗೆ. ಅಜ್ಜ ಎರಡಕ್ಕೂ ಹೊಂದಿಕೊಂಡು ನಡುವೆ ಮನೆ ಕಟ್ಟಿದ್ದರು. ಎರಡು ಮನೆಗೂ ಆಸರೆಯಾದ ನಡುಗೋಡೆ, ಇಬ್ಬರೂ ಒಪ್ಪಿದ್ದು. ನಾನು ಸರಾಸರಿ ತೆಗೆದು ಅಳಿಸಿಹಾಕಿದ್ದು ಇದನ್ನು. ಹೋದ ವಾರ ನನ್ನ ಚಿತ್ರ ಪಕ್ಕದವರ ಗೋಡೆಯೊಳಗೆ ನುಗ್ಗಿದ್ದು ಯಾಕೆ ಅಂತ ಆಗ ತಿಳಿಯಿತು.

ಆಮೇಲೆ ಮನೆಗೆ ಬಂದು ಅದೇ ಅಳತೆಗಳನ್ನು ಆಟೋಕ್ಯಾಡ್‌ಗೂ ಹಾಕಿದೆ. ಆರ್ಥೋ ಆಫ್ ಮಾಡಿ, ಕರ್ಣಗಳ ವೃತ್ತ ಎಳೆದು. ಕೈವಾರದಲ್ಲಿ ಮಾಡಿದ್ದೇ ಅಲ್ಲೂ. ಆದರೆ ಅಲ್ಲಿ ಮೂಲೆಯ ಕೋನವನ್ನು ಕೇಳಿದರೆ ತಕ್ಷಣ ಹೇಳುತ್ತದೆ, ಇಡೀ ಮನೆಯ ಚದರಡಿ ಹೇಳುತ್ತದೆ. ಪೆನ್ಸಿಲ್ ಗೆರೆಯ ದಪ್ಪದಲ್ಲಿ ಮುಚ್ಚಿಹೋಗಿದ್ದ ಒಂದು ಇಂಚಿನ ತಪ್ಪು ಕಂಪ್ಯೂಟರಿನಲ್ಲಿ ಎದ್ದು ಕಂಡಿತು. ದೇವರ ಮನೆಯ ಒಂದು ಅಳತೆಯನ್ನು ನಾನು ತಪ್ಪಾಗಿ ಬರೆದುಕೊಂಡಿದ್ದೆ. ಅದನ್ನು ಹಿಡಿದುಕೊಟ್ಟಿದ್ದಕ್ಕೆ ಯಂತ್ರಕ್ಕೆ ನಾನು ಋಣಿ. ಹೊಸದಾಗಿ ಕಲಿಯುವ ಹುಡುಗರು ಯಾವುದರಿಂದ ಶುರು ಮಾಡಲಿ ಅಂತ ಕೇಳಿದಾಗ ಈಗ ನಾನು ಇದನ್ನೇ ಹೇಳುತ್ತೇನೆ. ನೀವು ಹುಟ್ಟಿ ಬೆಳೆದ ಮನೆಯನ್ನು ಅಳೆಯಿರಿ. ಒಮ್ಮೆ ಕೈಯಲ್ಲಿ ಬರೆಯಿರಿ, ಒಮ್ಮೆ ಕಂಪ್ಯೂಟರಿನಲ್ಲಿ. ಎರಡೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿಗೆ ಟೇಪ್ ಹಿಡಿದು ಮತ್ತೆ ಹೋಗಿ. ಆಟೋಕ್ಯಾಡ್ ಇಲ್ಲದಿದ್ದರೆ ಲಿಬ್ರೆಕ್ಯಾಡ್ ಸಾಕು. ದುಡ್ಡಿಲ್ಲದೆ ಸಿಗುತ್ತದೆ, ಹಳೆ ಕಂಪ್ಯೂಟರಿನಲ್ಲೂ ನಡೆಯುತ್ತದೆ.

ಗೌಂಡಿ ಕಾಕಾಗೆ ಈ ಓರೆಯ ಕಥೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅವರು ಪಾಯ ಹಾಕುವ ಮೊದಲು ನೆಲದ ಮೇಲೆ ದಾರ ಕಟ್ಟಿ ಸುಣ್ಣದ ಗೆರೆ ಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ, ಓರೆಗೆ ಟೇಪ್ ಹಿಡಿಯುತ್ತಾರೆ. 5 ಅಡಿ ಬಂದರೆ ಮೂಲೆ ಸರಿ. ಜಾಗ ದೊಡ್ಡದಿದ್ದರೆ 6, 8, 10. ಆಮೇಲೆ ಎರಡೂ ಕರ್ಣ ಅಳೆದೇ ಅಳೆಯುತ್ತಾರೆ. ಅವರ ಸುಣ್ಣದ ಗೆರೆ ಇದ್ದದ್ದು ಇದ್ದ ಹಾಗೆ ಮನೆಯಷ್ಟೇ ದೊಡ್ಡ ಚಿತ್ರ. ಆಟೋಕ್ಯಾಡ್‌ನ ಚಿತ್ರವೂ ಹಾಗೇ, ಪೂರ್ತಿ ಅಳತೆಯದು. ನಡುವೆ ಇರುವ ಕಾಗದ ಮಾತ್ರ ಚಿಕ್ಕದು. ಚಿಕ್ಕದಾಗಿರುವುದರಿಂದಲೇ ಅದು ಮನೆಯನ್ನು ಒಂದೇ ನೋಟಕ್ಕೆ ತೋರಿಸುತ್ತದೆ, ಅಲ್ವಾ? ಅಲ್ಲಿ ಏನು ಇಡಬೇಕು, ಏನು ಬಿಡಬೇಕು ಅನ್ನುವ ಕೆಲಸ ಮಾತ್ರ ಬರೆಯುವವರದು.

ಅಜ್ಜಿಯ ಮನೆ ಅಳೆಯುವಾಗ ಇನ್ನೊಂದು ಪದ ಮತ್ತೆ ಸಿಕ್ಕಿತು. ಅಂಕಣ. ನಮ್ಮ ಕಡೆ ಹಿರಿಯರು ಮನೆಯನ್ನು ಚದರಡಿಯಲ್ಲಿ ಹೇಳುವುದಿಲ್ಲ. ಇಷ್ಟು ಅಂಕಣದ ಮನೆ ಅನ್ನುತ್ತಾರೆ. ಕಂಬದಿಂದ ಕಂಬಕ್ಕೆ ಇರುವ ಜಾಗ ಅದು. ತೊಲೆ ಎಷ್ಟು ಉದ್ದ ಸಿಕ್ಕಿತೋ ಅಂಕಣ ಅಷ್ಟು ಅಗಲ. ಅಂಕಣ ಎಣಿಸಿದರೆ ಮನೆಯ ಅರ್ಧ ಪ್ಲಾನ್ ಕೈಗೆ ಬಂದ ಹಾಗೆ. ಈಗಿನ ಸಾಫ್ಟ್‌ವೇರುಗಳಲ್ಲಿ ಮೊದಲು ಗ್ರಿಡ್ ಹಾಕಿಕೊಳ್ಳಿ ಅಂತ ಕಲಿಸುತ್ತಾರೆ. ನಮ್ಮಜ್ಜಿ ಆ ಮನೆಯ ಗ್ರಿಡ್ಡನ್ನು ಬಾಯಲ್ಲೇ ಹೇಳಿದರು.

ಅಲ್ಲಿಂದ ಇಟಗಿ ಹತ್ತಿರ. ಬಸ್ಸಿಗೆ ಹೊತ್ತಿದ್ದ ದಿನಗಳಲ್ಲಿ ಸುಮ್ನೆ ಹೋಗಿ ಮಹಾದೇವ ಗುಡಿಯ ಮಂಟಪದಲ್ಲಿ ಸ್ಕೆಚ್ ಪುಸ್ತಕ ಹಿಡಿದು ಕೂರುತ್ತಿದ್ದೆ. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ. ಅಲ್ಲಿನ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದೆ. ಆ ತೆರೆದ ಮಂಟಪವೂ ಅಂಕಣಗಳ ಲೆಕ್ಕದಲ್ಲೇ ಇದೆ. ಮರದ ತೊಲೆಯ ಬದಲು ಕಲ್ಲಿನ ತೊಲೆ, ಅಷ್ಟೇ.

ಅಲ್ಲಿನ ಕಂಬಗಳು ನನ್ನನ್ನು ಬಹಳ ಕಾಡಿದವು. ಚೌಕ, ಮೇಲೆ ಗುಂಡು, ಅದರ ಮೇಲೆ ಗಂಟೆಯ ಆಕಾರ, ಬಳೆ ಬಳೆಯಾಗಿ ಕೊರೆದ ಸಾಲು. ತಿರುಗಣೆಯಲ್ಲಿ ಕಡೆದ ಕಂಬ ಅನ್ನುತ್ತಾರೆ ಇವನ್ನು. ಪೆನ್ಸಿಲ್ ಹಿಡಿದ ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಯಾವ ಭಾಗಕ್ಕೆ ಯಾವ ಭಾಗ ಎಷ್ಟು ಪಾಲು ಅಂತ ನೋಡಿ ಬರೆದೆ. ನಾಲ್ಕು ಹಾಳೆ ಹಾಳಾಯಿತು. ಐದನೇ ಸಲಕ್ಕೆ ಒಂದು ಹೊಳೆಯಿತು. ಗುಂಡಗಿನ ಭಾಗವನ್ನು ಪೂರ್ತಿ ಬರೆಯಬೇಕಿಲ್ಲ. ನಡುವೆ ಒಂದು ನಿಂತ ಗೆರೆ, ಒಂದು ಬದಿಯ ಅಂಚು, ಅಷ್ಟು ಸಾಕು. ಕಡೆದ ವಸ್ತುವಿನಲ್ಲಿ ಇರುವುದೆಲ್ಲ ಆ ಒಂದು ಅಂಚೇ. ಮನೆಗೆ ಬಂದು ಆ ಅಂಚನ್ನು ಆಟೋಕ್ಯಾಡ್‌ನಲ್ಲಿ ಬರೆದು ರಿವಾಲ್ವ್ ಕೊಟ್ಟೆ. ಗೆರೆ ಗಿರ್ರನೆ ಸುತ್ತಿ ಕಂಬವಾಗಿ ನಿಂತಿತು. ಒಂಬೈನೂರು ವರ್ಷದ ಹಿಂದೆ ಕಲ್ಲು ತಿರುಗಿಸಿ ಉಳಿ ಹಿಡಿದವರು ಮಾಡಿದ್ದೂ ಇದೇ ಕೆಲಸ ಅಂತ ಅನ್ನಿಸಿ ನನಗೆ ಮೈ ಜುಮ್ಮೆಂದಿತು.

ಆ ಕಲ್ಲನ್ನು ನಾವು ಬಳಪದ ಕಲ್ಲು ಅನ್ನುತ್ತೇವೆ. ಮೆತ್ತಗಿರುವುದರಿಂದಲೇ ಅಷ್ಟು ಸಣ್ಣ ಕೆತ್ತನೆ ಅದರಲ್ಲಿ ಸಾಧ್ಯವಾಗಿದೆ. ಸ್ಲೇಟಿನ ಮೇಲೆ ಅಆಇಈ ತಿದ್ದಿದ ಬಳಪಕ್ಕೂ ಅದೇ ಹೆಸರು. ಹಳೆಯ ಶಿಲ್ಪಿಗಳು ಕಲ್ಲಿನ ಮೇಲೇ ಗೆರೆ ಎಳೆದು ಯೋಚಿಸುತ್ತಿದ್ದರು ಅನ್ನುವುದಕ್ಕೆ ಮಧ್ಯಪ್ರದೇಶದ ಭೋಜಪುರದಲ್ಲಿ ಸಾಕ್ಷಿ ಇದೆ. ಅಲ್ಲಿ 11ನೇ ಶತಮಾನದ ಒಂದು ಗುಡಿ ಅರ್ಧಕ್ಕೇ ನಿಂತಿದೆ. ಸುತ್ತಲಿನ ಬಂಡೆಗಳ ಮೇಲೆ ಅದರ ಪ್ಲಾನು, ಕಂಬ, ಶಿಖರಗಳ ಗೆರೆಚಿತ್ರ ಕೊರೆದದ್ದು ಇನ್ನೂ ಉಳಿದಿದೆ. ಒಮ್ಮೆ ಹೋಗಿ ನೋಡಬೇಕು.

ಅಜ್ಜಿಯ ಮನೆಯ ಪೆನ್ಸಿಲ್ ಹಾಳೆ ಮುಗಿದ ದಿನ ಅವರಿಗೆ ತೋರಿಸಲು ತಂದೆ. ಪ್ಲಾನ್ ಅಂದರೆ ಏನು ಅಂತ ವಿವರಿಸಬೇಕಾಯಿತು. ಕುಂಬಳಕಾಯಿಯನ್ನು ಅಡ್ಡ ಕೊಯ್ದು ಮೇಲಿಂದ ನೋಡಿದ ಹಾಗೆ ಅಜ್ಜಿ, ಮನೆಯನ್ನು ನಾಲ್ಕು ಅಡಿ ಎತ್ತರದಲ್ಲಿ ಕೊಯ್ದು ನೋಡಿದ್ದೀನಿ ಅಂದೆ. ಕೊಯ್ದ ಗೋಡೆಗೆ ದಪ್ಪ ಗೆರೆ. ಕೆಳಗೆ ಕಾಣುವ ಕಟ್ಟೆ, ಒಲೆಗೆ ತೆಳು ಗೆರೆ. ಕೊಯ್ದದ್ದಕ್ಕಿಂತ ಮೇಲಿರುವ ಬೆಳಕಿಂಡಿಗೆ ಚುಕ್ಕೆ ಗೆರೆ. ಅವರು ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ನೋಡಿದರು. ತಲಬಾಗಿಲಿನಿಂದ ಒಳಗೆ ಬಂದರು, ಪಡಸಾಲೆ ದಾಟಿದರು, ಅಡುಗೆಮನೆ ಹೊಕ್ಕರು.

"ದೀಪದ ಮಾಡ ಎಲ್ಲೈತಿ?"

ತೋರಿಸಿದೆ. ಗೋಡೆಯ ದಪ್ಪದಲ್ಲಿ ಒಂದು ಪುಟ್ಟ ಕಚ್ಚು.

"ಮತ್ತ ಹಗೇವು?"

ನನಗೆ ಗೊತ್ತೇ ಇರಲಿಲ್ಲ. ಜೋಳ ತುಂಬುತ್ತಿದ್ದ ಹಗೇವು ಪಡಸಾಲೆಯ ನೆಲದ ಕೆಳಗಿತ್ತಂತೆ. ನಾನು ಹುಟ್ಟುವ ಮೊದಲೇ ಅದರ ಬಾಯಿ ಮುಚ್ಚಿ ಮೇಲೆ ಹಾಸುಗಲ್ಲು ಹಾಕಿದ್ದರು. ಅಜ್ಜಿ ಎದ್ದರು. ನಡುವಿನ ಕಂಬದ ಬುಡಕ್ಕೆ ಬಾಗಿ, ಮೊಣಕೈ ಊರಿ, ಬೆರಳ ತುದಿಗೆ ಗುರುತು ಹಿಡಿದು, ಮತ್ತೆ ಮೊಣಕೈ ಊರಿದರು. "ಒಂದು, ಎರಡು, ಮೂರು, ನಾಕು. ಇಲ್ಲೇ ನೋಡು ಅದರ ಬಾಯಿ."

ನಾನು ಅವರ ಕೈ ಹಿಡಿದು ಮೊಣಕೈಯಿಂದ ಬೆರಳ ತುದಿವರೆಗೆ ಟೇಪ್ ಇಟ್ಟೆ. 17 ಇಂಚು. ನಾಲ್ಕು ಮೊಳಕ್ಕೆ 5 ಅಡಿ 8 ಇಂಚು. ಕಾಗದದ ಮೇಲೆ ಕಂಬದಿಂದ ಅಷ್ಟು ದೂರ ಅಳೆದು, ಕೈವಾರದಿಂದ ಒಂದು ಚುಕ್ಕೆ ವೃತ್ತ ಎಳೆದೆ. ಹಾಳೆಯ ಕೆಳಗೆ ಸ್ಕೇಲ್ 1:50 ಅಂತ ಬರೆದಿದ್ದ ಕಡೆ, ಅದರ ಪಕ್ಕದಲ್ಲೇ ಬರೆದೆ: ಅಜ್ಜಿಯ ಮೊಳ 17 ಇಂಚು.